ಮಕ್ಕಳಲ್ಲಿ ಹೊಸ ಉಪಾಯ ಹುಡುಕುವ ಬುದ್ಧಿ ಬೆಳೆಸುವುದು ಹೇಗೆ?



ಮಗು ಹಳೇ ಟಾರ್ಚನ್ನು ಬಿಚ್ಚಿ ಕೂತರೆ ನಮ್ಮ ಬಾಯಲ್ಲಿ ಮೊದಲು ಬರುವ ಮಾತು, "ಮುಟ್ಬೇಡ, ಹಾಳಾಗುತ್ತೆ!" ಪುಸ್ತಕ ಹಿಡಿದು ಕೂತರೆ ಮಾತ್ರ ನಮಗೆ ಸಮಾಧಾನ. ಓದು ಬೇಕೇ ಬೇಕು. ಆದರೆ ಎದುರಿಗಿರುವ ಕಷ್ಟವನ್ನು ನೋಡಿ ಅದಕ್ಕೊಂದು ಉಪಾಯ ಮಾಡುವುದೂ ಕಲಿಯಬೇಕಾದ ವಿದ್ಯೆಯೇ.

ಕೇರಳದ ಮಲಪ್ಪುರಂ ಜಿಲ್ಲೆಯ ರೆಮ್ಯಾ ಜೋಸ್ ಶಾಲೆಗೆ ಹೋಗುತ್ತಿದ್ದಾಗ ತಾಯಿ ಕಾಯಿಲೆ ಬಿದ್ದರು. ಬಟ್ಟೆ ಒಗೆಯುವ ಕೆಲಸ ಮಕ್ಕಳ ಮೇಲೆ ಬಂತು. ಆಕೆ ಸೈಕಲ್ ಪೆಡಲ್‌ನಿಂದ ತಿರುಗುವ ವಾಷಿಂಗ್ ಮೆಷಿನ್ನಿನ ಚಿತ್ರ ಬರೆದಳು. ಪೆಟ್ಟಿಗೆಯೊಳಗೆ ಜಾಲರಿಯ ಡ್ರಮ್ಮು. ಸೋಪಿನ ನೀರಲ್ಲಿ ಬಟ್ಟೆ ಹತ್ತು ನಿಮಿಷ ನೆನೆಯಬೇಕು, ಆಮೇಲೆ ಮೂರು-ನಾಲ್ಕು ನಿಮಿಷ ಪೆಡಲ್ ತುಳಿಯಬೇಕು, ಅಷ್ಟೇ. ಕರೆಂಟೇ ಬೇಡ! ರಾಷ್ಟ್ರೀಯ ನಾವೀನ್ಯತಾ ಪ್ರತಿಷ್ಠಾನ 2005ರಲ್ಲಿ ಆಕೆಗೆ ಪ್ರಶಸ್ತಿ ಕೊಟ್ಟಿತು. ಬಟ್ಟೆ ಒಗೆದು ಸೊಂಟ ನೋಯಿಸಿಕೊಂಡವರಿಗೇ ಇಂಥದ್ದು ಹೊಳೆಯುವುದು ಎಂದು ನಮಗನ್ನಿಸುತ್ತದೆ.

ಇದನ್ನು ಮಕ್ಕಳಿಗೆ ಕಲಿಸುವುದು ಹೇಗೆ? ಮೊದಲು ಉಪಾಯ ಕೇಳಬೇಡಿ, ಕಷ್ಟ ಯಾರದು ಎಂದು ಕೇಳಿ. ಅಜ್ಜಿಗೆ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ ಎಂದಿಟ್ಟುಕೊಳ್ಳಿ. ಮಗು ಕೂಡಲೇ "ಕನ್ನಡಕ ಕೊಡಿಸೋಣ" ಅನ್ನುತ್ತದೆ. "ಹೋಗಿ ಅಜ್ಜಿಯ ಹತ್ರ ಕೂತು ನೋಡು" ಎಂದು ಕಳಿಸಿ. ಕನ್ನಡಕ ಇದೆ, ಕಣ್ಣೂ ಕಾಣುತ್ತದೆ, ನಡುಗುವುದು ಕೈ! ಈಗ ಪ್ರಶ್ನೆಯೇ ಬದಲಾಯಿತು: ಸೂಜಿಯನ್ನು ಅಲುಗಾಡದಂತೆ ನಿಲ್ಲಿಸುವುದು ಹೇಗೆ? ಸೋಪಿನ ತುಂಡಿಗೆ ಚುಚ್ಚಿ ನಿಲ್ಲಿಸಬಹುದು, ಆಲೂಗಡ್ಡೆಗೆ ಚುಚ್ಚಬಹುದು. ಎರಡನ್ನೂ ಮಾಡಿ ಅಜ್ಜಿಯ ಕೈಗೇ ಕೊಡಲಿ. ಅಜ್ಜಿ "ಇದು ಜಾರುತ್ತೆ ಮಗಾ" ಅಂದರೆ ಬದಲಾಯಿಸಲಿ. ಮೊದಲ ಸಲ ಸರಿಬರದಿದ್ದರೆ ಬೈಯಬೇಡಿ. ರಟ್ಟು, ದಾರ, ಖಾಲಿ ಬಾಟಲಿ ಇದ್ದರೆ ಸಾಕು, ದುಡ್ಡು ಖರ್ಚಾಗದು. ಚಾಕು, ಕರೆಂಟಿನ ಕೆಲಸಕ್ಕೆ ಮಾತ್ರ ದೊಡ್ಡವರು ಹತ್ತಿರ ಇರಬೇಕು.

ಅಹಮದಾಬಾದಿನ ಶಿಕ್ಷಕಿ ಕಿರಣ್ ಬೀರ್ ಸೇಥಿ ಅವರು 2009ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಇದನ್ನೇ ನಾಲ್ಕು ಮಾತಿನಲ್ಲಿ ಹೇಳುತ್ತಾರೆ: ಮನಸ್ಸಿಗೆ ತಂದುಕೋ, ಕಲ್ಪಿಸಿಕೋ, ಮಾಡು, ಹಂಚು.

ಇನ್ನೊಂದು ವಿಷಯ. ವಿಜ್ಞಾನ ಮೇಳ ಬಂತೆಂದರೆ ಅಂಗಡಿಯಿಂದ ಮಾಡೆಲ್ ತಂದು ಕೊಡುವವರು ನಮ್ಮಲ್ಲೂ ಇದ್ದಾರೆ. ಅದರಿಂದ ಮಗು ಏನೂ ಕಲಿಯುವುದಿಲ್ಲ. ಹಾಗೆಯೇ ಗಂಡು ಮಗುವಿಗೆ ಸ್ಕ್ರೂಡ್ರೈವರ್, ಹೆಣ್ಣು ಮಗುವಿಗೆ ಪೊರಕೆ ಎಂಬ ಲೆಕ್ಕವನ್ನೂ ಬಿಡೋಣ.

ಕೇಂದ್ರ ಸರಕಾರದ ಇನ್‌ಸ್ಪೈರ್ ಮಾನಕ್ ಯೋಜನೆಯಲ್ಲಿ ಆರನೇ ತರಗತಿಯಿಂದ ಮೇಲಿನ ಮಕ್ಕಳು ತಮ್ಮ ಸ್ವಂತ ಆಲೋಚನೆಯನ್ನು ಕಳಿಸಬಹುದು. ಆಯ್ಕೆಯಾದರೆ ಮಾದರಿ ತಯಾರಿಸಲು 10,000 ರೂಪಾಯಿ ಸಿಗುತ್ತದೆ. ಹೆಸರು ಕಳಿಸಬೇಕಾದ್ದು ಶಾಲೆಯವರು. ಆದ್ದರಿಂದ ಪೋಷಕರ ಸಭೆಗೆ ಹೋದಾಗ "ನಮ್ಮ ಶಾಲೆಯಿಂದ ಈ ಸಲ ಯಾರ ಹೆಸರು ಕಳಿಸ್ತೀರಿ ಸಾರ್?" ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಮುಂದಿನ ವಾರದ ಸಂಘದ ಸಭೆಗೆ ಮಕ್ಕಳನ್ನೂ ಕರೆತನ್ನಿ. ನಮ್ಮ ದಿನದ ಕೆಲಸದಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಅವರೇ ನಮ್ಮನ್ನು ಕೇಳಿ ಬರೆದುಕೊಳ್ಳಲಿ.