ಕೆಂಪೆಲ್ಲಿದೆಯಪ್ಪಾ ಇಲ್ಲಿ?

“ಕೆಂಪು ಗೆರೆ ಕೆರೆ ನೀರಿಂದು ಸರ್, ಹಸಿರು ಗೆರೆ ಬೋರ್‌ವೆಲ್‌ದು.”

“ಕೆಂಪೆಲ್ಲಿದೆಯಪ್ಪಾ ಇಲ್ಲಿ?”

ಗೈಡ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಾಗ ಇಡೀ ಕ್ಲಾಸ್ ಗೊಳ್ಳೆಂದು ನಕ್ಕಿತು. ಅದು ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್‌ನ ಮೊದಲ ಪ್ರೆಸೆಂಟೇಷನ್. ಎಂಟು ತಿಂಗಳು ಬಿಸಿಲು, ಮಳೆ ನೋಡದೆ ಕೆರೆ ಸುತ್ತಿ ನೀರಿನ ಮಟ್ಟ ಅಳೆದಿದ್ದೆವು. ಕಲರ್ ಪ್ರಿಂಟ್‌ಗೆ ಪುಟಕ್ಕೆ ಹತ್ತು ರೂಪಾಯಿ ಎಂದಿದ್ದಕ್ಕೆ ಹೆದರಿ ಕಪ್ಪು-ಬಿಳುಪಿನಲ್ಲೇ ಪ್ರಿಂಟ್ ತೆಗೆಸಿದ್ದೆವು. ಲ್ಯಾಪ್‌ಟಾಪ್‌ನಲ್ಲಿ ಕಣ್ಣಿಗೆ ಕುಕ್ಕುತ್ತಿದ್ದ ಕೆಂಪು, ಹಸಿರು ಗೆರೆಗಳು ಹಾಳೆಯ ಮೇಲೆ ಒಂದೇ ಬೂದು ಬಣ್ಣದ ಅವಳಿ ಮಕ್ಕಳಾಗಿದ್ದವು. ನಮ್ಮ ಪ್ರಾಜೆಕ್ಟ್‌ನ ಸಾರವೆಲ್ಲ ಇದ್ದದ್ದು ಆ ಎರಡು ಗೆರೆಗಳ ನಡುವಿನ ಅಂತರದಲ್ಲಿ.

ನಾನೂ ನಕ್ಕೆ. ನಗದಿದ್ದವನು ನನ್ನ ರೂಮ್‌ಮೇಟ್ ಒಬ್ಬನೇ. ರಾತ್ರಿ ಮೆಸ್‌ನಿಂದ ವಾಪಸ್ ಬರುವಾಗ ಮೆಲ್ಲಗೆ ಹೇಳಿದ: “ನಂಗೆ ಕಲರ್ ಪ್ರಿಂಟ್‌ನಲ್ಲೂ ಅವೆರಡು ಹೆಚ್ಚು ಕಮ್ಮಿ ಒಂದೇ ಥರ ಕಾಣ್ಸೋದು ಕಣೋ.”

ಮೂರು ವರ್ಷ ಒಂದೇ ರೂಮಿನಲ್ಲಿದ್ದರೂ ಅವನಿಗೆ ಕೆಂಪು-ಹಸಿರು ವರ್ಣಾಂಧತೆ ಇರುವುದು ನನಗೆ ಗೊತ್ತಿರಲಿಲ್ಲ. ಒಂದು ಸರ್ಕಾರಿ ಹುದ್ದೆಯ ಲಿಖಿತ ಪರೀಕ್ಷೆ ಪಾಸಾಗಿ, ಮೆಡಿಕಲ್‌ನಲ್ಲಿ ಬಣ್ಣದ ಚುಕ್ಕಿಗಳ ಪುಸ್ತಕದೆದುರು ನಪಾಸಾಗಿ ಬಂದಿದ್ದನಂತೆ. ನಮಗೆಲ್ಲ ‘ಹೈಟ್ ಸಾಲಲಿಲ್ಲ’ ಎಂದು ಹೇಳಿದ್ದ. ಎಂಟು ತಿಂಗಳು ತನ್ನದೇ ಪ್ರಾಜೆಕ್ಟ್‌ನ ಗ್ರಾಫನ್ನು ಊಹೆಯ ಮೇಲೆ ಓದುತ್ತಿದ್ದವನು, ಕೇಳಿದರೆ ಗುಟ್ಟು ಬಯಲಾದೀತೆಂದು ಸುಮ್ಮನಿದ್ದ.

ಹನ್ನೊಂದು ಬಣ್ಣಗಳ ಜಾತ್ರೆ

ಮರುದಿನ ರಿಪೋರ್ಟ್‌ನ ಫೈಲ್ ತೆರೆದು ಕೂತೆವು. ನಾವು ಅದನ್ನು ಬರೆದಿದ್ದು ಲೇಟೆಕ್‌ನಲ್ಲಿ. ಡೊನಾಲ್ಡ್ ಕನೂತ್ ತಮ್ಮ ಪುಸ್ತಕಗಳ ಅಚ್ಚು ಸರಿಯಾಗಿ ಬರಲಿಲ್ಲವೆಂದು ಎಪ್ಪತ್ತರ ದಶಕದ ಕೊನೆಯಲ್ಲಿ ತಾವೇ ಕಟ್ಟಿದ ಅಕ್ಷರಜೋಡಣೆಯ ವ್ಯವಸ್ಥೆ ಟೆಕ್. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಕಟ್ಟಿದ್ದು ಲೇಟೆಕ್. ವರ್ಡ್‌ನಂತೆ ಮೌಸ್‌ನಲ್ಲಿ ಬಣ್ಣ ಆರಿಸುವ ಬದಲು ಇಲ್ಲಿ ಬಣ್ಣವನ್ನೂ ಅಕ್ಷರಗಳಲ್ಲೇ ಬರೆದು ಹೇಳಬೇಕು. ನಾವು ನಾಲ್ವರು ಒಬ್ಬೊಬ್ಬರು ಒಂದೊಂದು ಅಧ್ಯಾಯ ಹಂಚಿಕೊಂಡಿದ್ದೆವು. ತೋಚಿದ ಬಣ್ಣ ತೋಚಿದಲ್ಲಿ ಹಾಕಿದ್ದೆವು. ಲೆಕ್ಕ ಹಾಕಿದರೆ ಹನ್ನೊಂದು ಬಣ್ಣ, ಅದರಲ್ಲಿ ನೀಲಿಯೇ ಮೂರು ಬಗೆ. ಎರಡನೇ ಅಧ್ಯಾಯದಲ್ಲಿ ಕೆಂಪಾಗಿದ್ದ ಕೆರೆ ನಾಲ್ಕನೆಯದರಲ್ಲಿ ನೇರಳೆ!

ಎರಡು ಗೆರೆ ಒಂದಾಗಿದ್ದು ಏಕೆ ಎಂಬುದಕ್ಕೂ ಉತ್ತರ ಸಿಕ್ಕಿತು. ಲೇಟೆಕ್‌ನಲ್ಲಿ ಬಣ್ಣ ನೋಡಿಕೊಳ್ಳುವ ‘ಎಕ್ಸ್‌ಕಲರ್’ ಪ್ಯಾಕೇಜ್ ಬಣ್ಣವನ್ನು ಬೂದಿಗೆ ಇಳಿಸುವಾಗ ಕೆಂಪಿನ 30 ಪಾಲು, ಹಸಿರಿನ 59 ಪಾಲು, ನೀಲಿಯ 11 ಪಾಲು ಸೇರಿಸುತ್ತದೆ. ನಮ್ಮ ಕಣ್ಣಿಗೆ ಹಸಿರೇ ಹೆಚ್ಚು ಬೆಳಕಾಗಿ ಕಾಣುವುದರಿಂದ ಅದಕ್ಕೆ ದೊಡ್ಡ ಪಾಲು. ಅಚ್ಚ ಕೆಂಪು ಈ ಲೆಕ್ಕದಲ್ಲಿ ನೂರಕ್ಕೆ 30ರ ಬೂದು. ನಾವು ಹಾಕಿದ್ದ ಕಡುಹಸಿರು, ಅಂದರೆ ಅರ್ಧ ಹಸಿರು, 29.5ರ ಬೂದು. ವ್ಯತ್ಯಾಸ ಅರ್ಧ ಅಂಕ! ಕ್ಸೆರಾಕ್ಸ್ ಅಂಗಡಿಯವರ ತಪ್ಪೇನೂ ಇರಲಿಲ್ಲ.

ಬಣ್ಣಕ್ಕಲ್ಲ, ಕೆಲಸಕ್ಕೆ ಹೆಸರು

ಪರಿಹಾರವೂ ಅದೇ ಪ್ಯಾಕೇಜ್‌ನಲ್ಲಿತ್ತು. ‘ಡಿಫೈನ್‌ಕಲರ್’ ಎಂಬ ಆಜ್ಞೆಯಿಂದ ಒಂದು ಬಣ್ಣಕ್ಕೆ ಹೆಸರಿಡಬಹುದು. ‘ಡಿಫೈನ್‌ಕಲರ್‌ಸೆಟ್’ ಒಂದೇ ಏಟಿಗೆ ಒಂದು ಗುಂಪನ್ನೇ ಹುಟ್ಟಿಸುತ್ತದೆ: ಹೆಸರು, ಮೂರು ಅಂಕಿ, ಅರ್ಧವಿರಾಮ, ಮತ್ತೆ ಹೆಸರು, ಮೂರು ಅಂಕಿ. ಬೇಕಿದ್ದರೆ ಗುಂಪಿನ ಎಲ್ಲ ಹೆಸರುಗಳಿಗೂ ಮನೆತನದ ಹೆಸರಿನಂತೆ ಮುಂದೋ ಹಿಂದೋ ಒಂದೇ ಪದ ಅಂಟಿಸಬಹುದು. ಬೇರೆಯವರ ಫೈಲ್ ಜೊತೆ ಸೇರಿಸುವಾಗ ಇದರಿಂದ ಹೆಸರುಗಳ ಗಲಾಟೆ ತಪ್ಪುತ್ತದೆ.

ಆದರೆ ನಮ್ಮನ್ನು ನಿಜವಾಗಿ ಉಳಿಸಿದ್ದು ‘ಕಲರ್‌ಲೆಟ್’. ಇರುವ ಬಣ್ಣಕ್ಕೆ ಇನ್ನೊಂದು ಹೆಸರು ಕೊಡುವ ಆಜ್ಞೆ ಇದು. ನೀಲಿ, ಕಿತ್ತಳೆ ಎಂಬುವು ಬಣ್ಣದ ಹೆಸರುಗಳು. ‘ಕೆರೆ’, ‘ಬೋರ್‌ವೆಲ್’, ‘ಎಚ್ಚರಿಕೆ’ ಎಂಬುವು ಆ ಬಣ್ಣ ಮಾಡುವ ಕೆಲಸದ ಹೆಸರುಗಳು. ರಿಪೋರ್ಟ್‌ನ ಒಳಗೆಲ್ಲ ಕೆಲಸದ ಹೆಸರನ್ನಷ್ಟೇ ಬರೆದೆವು. ಕೆರೆ ಅಂದರೆ ಯಾವ ಬಣ್ಣ ಎಂಬುದು ಪ್ರತ್ಯೇಕ ಫೈಲಿನ ಒಂದೇ ಸಾಲಿನಲ್ಲಿ ತೀರ್ಮಾನ. ಆ ಸಾಲು ಬದಲಿಸಿದರೆ ನಲವತ್ತು ಕಡೆಯೂ ಕೆರೆಯ ಬಣ್ಣ ಬದಲು. ಟೇಬಲ್‌ನ ಹಿನ್ನೆಲೆಗೆ ತಿಳಿಬಣ್ಣ ಬೇಕಾದಾಗಲೂ ಹೊಸ ಬಣ್ಣ ಹುಡುಕಲಿಲ್ಲ. ಕೆರೆ ಎಂದು ಬರೆದು, ಆಶ್ಚರ್ಯಸೂಚಕ ಹಾಕಿ, 20 ಎಂದರೆ ಸಾಕು, ಅದೇ ಬಣ್ಣದ 20 ಪಾಲಿಗೆ 80 ಪಾಲು ಬಿಳಿ ಬೆರೆತು ಬರುತ್ತದೆ. ನೆದರ್‌ಲೆಂಡ್ಸ್‌ನ ಹಾನ್ಸ್ ಹಾಗೆನ್ ಕಟ್ಟಿದ ‘ಕಾನ್‌ಟೆಕ್ಸ್ಟ್’ ಎಂಬ ವ್ಯವಸ್ಥೆಯಲ್ಲಂತೂ ಇದಕ್ಕೆಂದೇ ‘ಪ್ಯಾಲೆಟ್’ ಇದೆ. ಕೆಲಸದ ಹೆಸರುಗಳ ಒಂದು ಗುಂಪನ್ನು ಕಳಚಿ, ಅದೇ ಹೆಸರುಗಳಿಗೆ ಬೇರೆ ಬಣ್ಣಗಳಿರುವ ಇನ್ನೊಂದು ಗುಂಪನ್ನು ತೊಡಿಸಬಹುದು.

ತೀರ್ಪುಗಾರ ಬಂದ

ಯಾವ ಬಣ್ಣ ಹಾಕೋಣ ಎಂಬ ಪ್ರಶ್ನೆ ಬಂದಾಗ ನಾವು ಮೂವರೂ ರೂಮ್‌ಮೇಟ್ ಕಡೆ ತಿರುಗಿದೆವು. ಮೊದಲು ಮುಜುಗರಪಟ್ಟ. ಆಮೇಲೆ ಕುರ್ಚಿ ಎಳೆದುಕೊಂಡು ಕೂತ. ಜಪಾನಿನ ಮಸಾಟಾಕ ಒಕಾಬೆ ಮತ್ತು ಕೇ ಇಟೊ ವರ್ಣಾಂಧತೆ ಇರುವವರಿಗೂ ಬೇರೆಬೇರೆಯಾಗಿ ಕಾಣುವಂಥ ಎಂಟು ಬಣ್ಣಗಳ ಗುಂಪೊಂದನ್ನು ರೂಪಿಸಿದ್ದಾರೆ. ಅವನ್ನು ಒಂದೊಂದಾಗಿ ಹಾಕಿ ತೋರಿಸಿದೆವು. ಅವನು ಆರಿಸಿದ್ದು ಅದರಲ್ಲಿನ ನೀಲಿ ಮತ್ತು ಕಿತ್ತಳೆ. ನೀಲಿಯ ಅಂಕಿಗಳು 0, 114, 178. ಕಿತ್ತಳೆಯವು 230, 159, 0. ಬೂದಿನ ಲೆಕ್ಕ ಹಾಕಿದರೆ ಒಂದು 34, ಇನ್ನೊಂದು 64. ಪ್ಯಾಕೇಜ್‌ಗೆ ‘ಗ್ರೇ’ ಎಂಬ ಆಯ್ಕೆ ಕೊಟ್ಟು ಇಡೀ ರಿಪೋರ್ಟನ್ನು ಬೂದಿಗೆ ಇಳಿಸಿ ನೋಡಿದೆವು. ಗೆರೆಗಳು ಬೇರೆಬೇರೆಯಾಗಿಯೇ ನಿಂತವು.

“ಬಣ್ಣ ಒಂದನ್ನೇ ನಂಬ್ಬೇಡ್ರೋ, ಒಂದು ಗೆರೆ ತುಂಡು ತುಂಡಾಗಿರ್ಲಿ” ಎಂದ. ಅದನ್ನೂ ಮಾಡಿದೆವು. ಫೈನಲ್ ವೈವಾದಲ್ಲಿ ಅದೇ ಕಪ್ಪು-ಬಿಳುಪು ಪ್ರಿಂಟ್ ಹಿಡಿದ ಎಕ್ಸಾಮಿನರ್ ಬಣ್ಣದ ಬಗ್ಗೆ ಏನನ್ನೂ ಕೇಳಲಿಲ್ಲ. ಮಾರ್ಚ್‌ನಲ್ಲಿ ಬೋರ್‌ವೆಲ್ ನೀರು ಕೆರೆಗಿಂತ ತಡವಾಗಿ ಇಳಿದಿದ್ದೇಕೆ ಎಂದು ಕೇಳಿದರು. ಎಂಟು ತಿಂಗಳ ಕೆಲಸಕ್ಕೆ ಸಿಗಬೇಕಾದ ಪ್ರಶ್ನೆ ಅದು. ಉತ್ತರ ಹೇಳಿದವನು ನನ್ನ ರೂಮ್‌ಮೇಟ್, ಗ್ರಾಫ್ ಮೇಲೆ ಬೆರಳಿಟ್ಟು, ಊಹೆಯಿಲ್ಲದೆ.

ನೀವೂ ರಿಪೋರ್ಟ್ ಬರೆಯುತ್ತಿರಬಹುದು, ಸ್ಲೈಡ್, ರೆಸ್ಯೂಮೆ ಮಾಡುತ್ತಿರಬಹುದು. ಬಣ್ಣ ಹಾಕುವ ಮೊದಲು ಅದು ಮಾಡಬೇಕಾದ ಕೆಲಸಕ್ಕೊಂದು ಹೆಸರಿಡಿ. ಹೆಸರಿಡಲು ತೋಚದಿದ್ದರೆ ಆ ಬಣ್ಣ ಬೇಕಾಗಿಯೇ ಇಲ್ಲ. ಹನ್ನೊಂದರಿಂದ ನಾಲ್ಕಕ್ಕೆ ಇಳಿದ ಮೇಲೆ ನಮಗೆ ಗೊತ್ತಾಗಿದ್ದಿದು.

ಆ ಬಣ್ಣದ ಫೈಲ್ ಈಗ ಜೂನಿಯರ್‌ಗಳ ಕೈಯಲ್ಲಿದೆ. ಲೇಟೆಕ್‌ನಲ್ಲಿ ಪರ್ಸೆಂಟ್ ಗುರುತಿನ ಮುಂದೆ ಬರೆದದ್ದನ್ನು ಕಂಪ್ಯೂಟರ್ ಓದುವುದಿಲ್ಲ, ಅದು ಮನುಷ್ಯರಿಗಾಗಿ. ಫೈಲ್ ಕೊಡುವ ಮೊದಲು ರೂಮ್‌ಮೇಟ್ ಅದರ ತಲೆಯಲ್ಲಿ ಅಂಥದ್ದೊಂದು ಸಾಲು ಸೇರಿಸಿದ, ಕೆಳಗೆ ತನ್ನ ಹೆಸರು, ಫೋನ್ ನಂಬರ್ ಸಮೇತ: ‘ನನಗೆ ಕೆಂಪು-ಹಸಿರು ಗೊತ್ತಾಗಲ್ಲ. ಬಣ್ಣ ಬದಲಾಯಿಸಿದರೆ ಒಮ್ಮೆ ನನಗೆ ತೋರಿಸಿ.’