ಶಾಲೆಯ ಪುಸ್ತಕಭಂಡಾರ: ತಾಯ್ತಂದೆಗಳಿಗೂ ಉಪಾಧ್ಯಾಯರಿಗೂ ಒಂದು ಬಿನ್ನಹ

ಹಳ್ಳಿಯದಾಗಲಿ ಪಟ್ಟಣದ್ದಾಗಲಿ, ಪ್ರಾಥಮಿಕ ಶಾಲೆಯನ್ನು ಹೊಕ್ಕು ನೋಡಿದವರಿಗೆ ಮುಖ್ಯೋಪಾಧ್ಯಾಯರ ಕೋಣೆಯ ಮೂಲೆಯಲ್ಲಿ ಬೀಗ ಹಾಕಿದ ಬೀರುವೊಂದು ಕಣ್ಣಿಗೆ ಬೀಳುವುದುಂಟು. ಅದರೊಳಗಿರುವುದೇ ಶಾಲೆಯ ಪುಸ್ತಕಭಂಡಾರ. ಪುಸ್ತಕ ಕಳೆದರೆ ಲೆಕ್ಕ ಒಪ್ಪಿಸುವವರಾರು, ಹರಿದರೆ ತನಿಖೆಗೆ ಬಂದವರಿಗೆ ಉತ್ತರ ಹೇಳುವವರಾರು ಎಂಬ ಅಂಜಿಕೆಯೇ ಆ ಬೀಗ. ಇದಕ್ಕಾಗಿ ಉಪಾಧ್ಯಾಯರನ್ನು ದೂರಿ ಫಲವಿಲ್ಲ. ಅವರ ಅಂಜಿಕೆ ನಿರಾಧಾರವಾದುದಲ್ಲ. ಆದರೆ ಮಗುವಿನ ಕೈಯಲ್ಲಿ ಸವೆದ ಪುಸ್ತಕವನ್ನು ನಷ್ಟವೆಂದೂ, ಬೀರುವಿನೊಳಗೆ ಹುಳು ತಿಂದ ಪುಸ್ತಕವನ್ನು ಜೋಪಾನವೆಂದೂ ಎಣಿಸುವುದು ಯಾವ ನ್ಯಾಯ?

ಯೂರೋಪಿನ ಹಳೆಯ ಪುಸ್ತಕಾಲಯಗಳಲ್ಲಿ ಗ್ರಂಥಗಳನ್ನು ಕಬ್ಬಿಣದ ಸರಪಳಿಯಿಂದ ಬಿಗಿದಿಡುತ್ತಿದ್ದರು. ಪುಸ್ತಕವಿರುವುದು ಉಪಯೋಗಕ್ಕಾಗಿ ಎಂಬುದನ್ನು ಪುಸ್ತಕಾಲಯದ ಮೊದಲನೆಯ ಸೂತ್ರವನ್ನಾಗಿ ಮಾಡಿದವರು ನಮ್ಮವರೇ ಆದ ಎಸ್. ಆರ್. ರಂಗನಾಥನ್. ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿಯೂ ಗಣಿತವನ್ನು ಬೋಧಿಸಿದ್ದ ಅವರು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ೧೯೩೧ರಲ್ಲಿ ತಮ್ಮ ಐದು ಸೂತ್ರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು ೧೯೭೨ರಲ್ಲಿ ಅಲ್ಲಿಯೇ ತೀರಿಕೊಂಡರು. ಓದುಗನಿಗೆ ತಕ್ಕ ಪುಸ್ತಕ, ಪುಸ್ತಕಕ್ಕೆ ತಕ್ಕ ಓದುಗ, ಇವರಿಬ್ಬರನ್ನೂ ಕೂಡಿಸುವುದೇ ಪುಸ್ತಕಾಲಯದ ಕೆಲಸವೆಂಬುದು ಅವರ ಮತದ ಸಾರ. ಐದು ವರ್ಷದ ಮಗುವೂ ಈ ಮಾತಿಗೆ ಹೊರತಲ್ಲ.

ಈಗ ಕಾನೂನೂ ಇದನ್ನೇ ಹೇಳುತ್ತದೆ. ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯು ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದಿತು. ಪ್ರತಿಯೊಂದು ಶಾಲೆಯಲ್ಲಿಯೂ ಪುಸ್ತಕಾಲಯವಿರಬೇಕು, ಅದರಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯಗಳ ಪುಸ್ತಕಗಳು, ಕಥೆಪುಸ್ತಕಗಳು ಇರಬೇಕು ಎಂದು ಅದರ ಅನುಸೂಚಿಯು ವಿಧಿಸಿದೆ. ಕಥೆಪುಸ್ತಕವೆಂಬ ಮಾತನ್ನು ವಾಚಕರು ಗಮನಿಸಬೇಕು. ‘ಪಾಠದ ಪುಸ್ತಕ ಓದು, ಕಥೆಪುಸ್ತಕ ಆಮೇಲಾಯಿತು’ ಎಂದು ಗದರುವ ಮನೆಗಳು ನಮ್ಮಲ್ಲಿ ಕಡಮೆಯೇನಿಲ್ಲ. ಕಥೆಯ ರುಚಿಯಿಂದ ಓಟದ ಓದು ಬರುವುದೆಂಬುದನ್ನೂ, ಓಟದ ಓದು ಬಂದ ಮಗುವಿಗೆ ಪಾಠವು ಹೊರೆಯಾಗದೆಂಬುದನ್ನೂ ಅಂಥವರು ಮರೆಯುತ್ತಾರೆ.

ಹಾಗಾದರೆ ಒಳ್ಳೆಯ ಶಾಲಾ ಪುಸ್ತಕಭಂಡಾರವು ಮಾಡಬೇಕಾದುದೇನು? ಮೊದಲನೆಯದು, ಪುಸ್ತಕಗಳು ಮಗುವಿನ ಕೈಗೆಟಕುವ ಎತ್ತರದಲ್ಲಿ, ಮುಖಪುಟ ಕಾಣುವಂತೆ ಇರಬೇಕು. ಎರಡನೆಯದು, ಸುಲಭವಾದ ವಿಂಗಡಣೆ. ೧೮೭೬ರಲ್ಲಿ ಅಮೆರಿಕೆಯ ಮೆಲ್ವಿಲ್ ಡ್ಯೂಯಿಯು ಸಮಸ್ತ ಜ್ಞಾನವನ್ನೂ ಹತ್ತು ವರ್ಗಗಳಾಗಿ ವಿಭಾಗಿಸಿದನು. ದೊಡ್ಡ ಪುಸ್ತಕಾಲಯಗಳಿಗೆ ಅದು ತಕ್ಕುದು. ಇನ್ನೂರು ಮುನ್ನೂರು ಪುಸ್ತಕಗಳ ಶಾಲೆಗೆ ಬೆನ್ನಿಗೆ ಅಂಟಿಸಿದ ಬಣ್ಣದ ಚೀಟಿ ಸಾಕು: ಚಿತ್ರದ ಪುಸ್ತಕಕ್ಕೆ ಕೆಂಪು, ಕಥೆಗೆ ಹಸಿರು, ಪ್ರಾಣಿ ಸಸ್ಯಗಳಿಗೆ ಹಳದಿ. ಅಕ್ಷರ ಕಲಿಯುತ್ತಿರುವ ಮಗುವೂ ಪುಸ್ತಕವನ್ನು ತೆಗೆದು ತಿರುಗಿ ಅದೇ ಸ್ಥಳದಲ್ಲಿಡಬಲ್ಲದು. ಮೂರನೆಯದು, ವಾರಕ್ಕೊಮ್ಮೆ ಪುಸ್ತಕವನ್ನು ಮನೆಗೆ ಕೊಡುವ ಪದ್ಧತಿ. ಕೊಟ್ಟ ತಾರೀಖು, ಮಗುವಿನ ಹೆಸರು, ಹಿಂದಿರುಗಿದ ತಾರೀಖು, ಇಷ್ಟನ್ನು ಬರೆಯಲು ಒಂದು ದಪ್ಪ ಪುಸ್ತಕ ಸಾಕು. ಮೇಲ್ತರಗತಿಯ ಮಕ್ಕಳೇ ಸರದಿಯಂತೆ ಈ ಲೆಕ್ಕವನ್ನಿಡಬಹುದು.

ಉಪಾಧ್ಯಾಯರಿಗೂ ಭಂಡಾರವು ಬಲಗೈಯಾಗಬಲ್ಲದು. ಮಳೆಯ ಪಾಠ ಬಂದಾಗ ಮೋಡಗಳ ಚಿತ್ರವಿರುವ ಪುಸ್ತಕಗಳನ್ನು ಒಂದು ವಾರ ತರಗತಿಯಲ್ಲಿಯೇ ಇರಿಸಿಕೊಳ್ಳಬಹುದು. ಭೂಪಟ, ನಿಘಂಟು, ವಿಶ್ವಕೋಶಗಳನ್ನು ಮಕ್ಕಳ ಎದುರಿಗೇ ತೆರೆದು ಹುಡುಕಿ ತೋರಿಸಿದರೆ, ತಿಳಿಯದುದನ್ನು ತಿಳಿಯುವ ದಾರಿ ಅವರಿಗೆ ಗೊತ್ತಾಗುವುದು. ಶಿವರಾಮ ಕಾರಂತರು ೧೯೩೬ರಲ್ಲಿಯೇ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಕನ್ನಡದ ಮಕ್ಕಳಿಗಾಗಿ ಹೊರತಂದುದು ಈ ಉದ್ದೇಶದಿಂದಲೇ. ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ ಹೇಳುವ ಉಪಾಧ್ಯಾಯರಿದ್ದ ತರಗತಿಯಲ್ಲಿ ಪುಸ್ತಕ ಬೇಡುವ ಮಕ್ಕಳಿಗೆ ಕೊರತೆಯಿಲ್ಲ.

ಇನ್ನು ತಾಯ್ತಂದೆಗಳ ಪಾಲು. ಮಗು ತಂದ ಪುಸ್ತಕಕ್ಕೆ ಮನೆಯಲ್ಲಿ ಒಂದು ನಿಶ್ಚಿತ ಸ್ಥಳವಿರಲಿ. ಎಳೆಯ ತಮ್ಮತಂಗಿಯರ ಕೈಗೂ ಒಲೆಯ ಹೊಗೆಗೂ ಅದು ದೂರವಿರಲಿ. ಕೈ ತೊಳೆದು ಪುಸ್ತಕ ಮುಟ್ಟುವುದನ್ನೂ, ಹಾಳೆಯ ಮೂಲೆ ಮಡಿಸದೆ ಗುರುತಿನ ಚೀಟಿ ಇಡುವುದನ್ನೂ ಕಲಿಸಿರಿ. ಓದಿ ಮುಗಿಸಿದೊಡನೆ ‘ನೀತಿ ಏನು?’ ಎಂದು ಪರೀಕ್ಷೆ ಮಾಡಬೇಡಿ. ‘ನಿನಗೆ ಯಾರು ಹಿಡಿಸಿದರು?’ ಎಂದು ಕೇಳಿದರೆ ಸಾಕು. ಓದು ಬಾರದ ತಾಯಿಯೂ ಅಜ್ಜಿಯೂ ಇಲ್ಲಿ ನಿರುಪಾಯರಲ್ಲ. ಸಂಜೆ ಸೊಪ್ಪು ಸೋಸುತ್ತ ಮಗುವಿನ ಓದಿಗೆ ಕಿವಿಗೊಡುವ ಅಜ್ಜಿಗಿಂತ ಉತ್ತಮ ಶ್ರೋತೃ ಬೇರಾರು?

ಕಳೆಯುವ ಪುಸ್ತಕದ ಮಾತಿಗೂ ಉತ್ತರವುಂಟು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲಾದರೂ ಪೋಷಕರೇ ಇರಬೇಕೆಂದೂ, ಸದಸ್ಯರಲ್ಲಿ ಅರ್ಧದಷ್ಟು ಸ್ತ್ರೀಯರಿರಬೇಕೆಂದೂ ಅದೇ ಕಾಯಿದೆಯಲ್ಲಿದೆ. ವರ್ಷಕ್ಕೊಮ್ಮೆ ಈ ಸಮಿತಿಯೇ ಉಪಾಧ್ಯಾಯರೊಡನೆ ಕುಳಿತು ಪುಸ್ತಕಗಳನ್ನು ಎಣಿಸಲಿ; ಓದಿ ಸವೆದುದೆಷ್ಟು, ಕಾಣೆಯಾದುದೆಷ್ಟು ಎಂಬುದನ್ನು ನಡವಳಿಯಲ್ಲಿ ಬರೆದು ರುಜು ಹಾಕಲಿ. ಹರಿದ ಹಾಳೆಗಳನ್ನು ಅಂಟು ಕಾಗದ ಹಿಡಿದು ಸರಿಮಾಡಲು ನಾಲ್ವರು ತಾಯಂದಿರು ಒಂದು ಶನಿವಾರ ಮಧ್ಯಾಹ್ನ ಬಂದರೆ ಸಾಕು. ಒಬ್ಬ ಉಪಾಧ್ಯಾಯರ ಹೆಗಲ ಮೇಲಿದ್ದ ಭಾರವನ್ನು ಊರೇ ಹೊತ್ತರೆ, ಅವರ ಅಂಜಿಕೆಗೆ ಕಾರಣವುಳಿಯದು.

ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ. ದೇಶ ಸುತ್ತಿಸುವ ಶಕ್ತಿ ಎಲ್ಲ ತಂದೆಗಳಿಗೂ ಇರಲಾರದು. ಮನೆಯಲ್ಲಿ ಒಂದೂ ಪುಸ್ತಕವಿಲ್ಲದ ಮಗುವಿಗೆ ಶಾಲೆಯ ಆ ಬೀರುವೇ ಕೋಶ. ಮುಂದಿನ ಸಲ ಶಾಲೆಗೆ ಹೋದಾಗ ಮಗನ ಅಂಕಗಳನ್ನು ಕೇಳುವುದರ ಜೊತೆಗೆ, ‘ಈ ವಾರ ಅವನು ಯಾವ ಪುಸ್ತಕ ಒಯ್ದ?’ ಎಂದೂ ವಿಚಾರಿಸಿರಿ. ಕೇಳುವವರಿದ್ದರೆ ಕೊಡುವವರಿಗೂ ಹುರುಪು ಬರುವುದು.