ಕ್ಯಾಂಪರಿನ ಬ್ರೇಕು ಇರುವುದು ತಂತಿಯಲ್ಲಿ

ಅಮೆರಿಕದ ಕೊಲರಾಡೊದಲ್ಲಿ ಐಸೆನ್‌ಹೋವರ್ ಸುರಂಗ ದಾಟಿ ಡೆನ್ವರ್ ಕಡೆಗೆ ಹೊರಟ ಐ-70 ಹೆದ್ದಾರಿ ಸುಮಾರು 3,400 ಮೀಟರ್ ಎತ್ತರದಿಂದ 1,600 ಮೀಟರಿಗೆ ಇಳಿಯುತ್ತದೆ. ಈ ದಾರಿಯಲ್ಲಿ ಪಿಕಪ್ ಟ್ರಕ್ಕುಗಳು ಕ್ಯಾಂಪರ್ ಟ್ರೈಲರುಗಳನ್ನು, ಅಂದರೆ ಹಾಸಿಗೆ, ಒಲೆ, ಫ್ರಿಜ್ಜು, ನೀರಿನ ಟ್ಯಾಂಕು ಹೊತ್ತ ಗಾಲಿಮನೆಗಳನ್ನು, ಎಳೆದುಕೊಂಡು ಹೋಗುತ್ತವೆ. ನಾಲ್ಕು ಚಕ್ರದ ಇಂಥ ಕ್ಯಾಂಪರ್ ಸಾಮಾನು ತುಂಬಿದಾಗ ಮೂರು ಟನ್ ತೂಗುವುದು ಸಾಮಾನ್ಯ. ಎಷ್ಟೋ ಸಲ ಎಳೆಯುವ ಟ್ರಕ್ಕೇ ಅದಕ್ಕಿಂತ ಹಗುರ. ಚಾಲಕ ಪೆಡಲ್ ಒತ್ತಿದಾಗ ಬ್ರೇಕ್ ಆಯಿಲಿನ ಒತ್ತಡ ತಲುಪುವುದು ಟ್ರಕ್ಕಿನ ಚಕ್ರಗಳಿಗೆ ಮಾತ್ರ. ಹಿಂದಿನ ಮೂರು ಟನ್ನಿಗೆ ಆ ಆಜ್ಞೆಯನ್ನು ಒಯ್ಯುವುದು ಒಂದು ತಾಮ್ರದ ತಂತಿ. ಟ್ರಕ್ಕಿಗೆ ಟ್ರೈಲರ್ ವೈರಿಂಗ್ ಮಾಡುವುದೆಂದರೆ ದೀಪ ಹೊತ್ತಿಸುವ ಕೆಲಸ ಎಂಬ ಭಾವನೆ ವ್ಯಾಪಕವಾಗಿದೆ. ಅದು ಬ್ರೇಕ್ ಜೋಡಿಸುವ ಕೆಲಸ. ಅಷ್ಟೇ ಎಚ್ಚರದಿಂದ ಮಾಡಬೇಕು.

ಸಣ್ಣ ಟ್ರೈಲರುಗಳಿಗೆ ಬಳಸುವ ನಾಲ್ಕು ಪಿನ್ನಿನ ಪ್ಲಗ್ಗಿನಲ್ಲಿ ಇರುವುದು ದೀಪ, ಇಂಡಿಕೇಟರ್ ಮತ್ತು ಅರ್ತಿಂಗ್ ಅಷ್ಟೇ. ಕ್ಯಾಂಪರಿಗೆ ಏಳು ಪಿನ್ನಿನದು ಬೇಕು. ಅದರಲ್ಲಿ ಸಾಮಾನ್ಯವಾಗಿ ನೀಲಿ ತಂತಿ ಬ್ರೇಕಿಗೆ, ಕಪ್ಪು ತಂತಿ ಬ್ಯಾಟರಿ ಚಾರ್ಜಿಗೆ, ಬಿಳಿ ತಂತಿ ಅರ್ತಿಂಗಿಗೆ. ಪೆಡಲ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಕಂಟ್ರೋಲರ್ ನೀಲಿ ತಂತಿಗೆ ವಿದ್ಯುತ್ ಹರಿಸುತ್ತದೆ. ಟ್ರೈಲರಿನ ಪ್ರತಿ ಚಕ್ರದೊಳಗಿನ ವಿದ್ಯುತ್ಕಾಂತ ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಒಂದು ಲಿವರನ್ನು ಎಳೆಯುತ್ತದೆ, ಲಿವರ್ ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ನಾಲ್ಕು ಪಿನ್ನನ್ನು ಏಳಕ್ಕೆ ಹೊಂದಿಸುವ ಅಗ್ಗದ ಅಡಾಪ್ಟರ್ ಸಿಕ್ಕಿಸಿದರೂ ಪ್ಲಗ್ ಕೂರುತ್ತದೆ, ದೀಪಗಳೆಲ್ಲ ಬೆಳಗುತ್ತವೆ. ನೀಲಿ ತಂತಿಗೆ ಮಾತ್ರ ಏನೂ ಬರುವುದಿಲ್ಲ. ದೀಪ ಹೊತ್ತಿತೆಂದು ಹೊರಟವರಿಗೆ ಅದು ಗೊತ್ತಾಗುವುದು ಇಳಿಜಾರಿನಲ್ಲಿ.

ತಂತಿ ಇದ್ದರೆ ಸಾಲದು, ದಪ್ಪವೂ ಬೇಕು. ಪ್ರತಿ ವಿದ್ಯುತ್ಕಾಂತ ಸುಮಾರು 3 ಆಂಪಿಯರ್ ಬಳಸುತ್ತದೆ. ನಾಲ್ಕು ಚಕ್ರಕ್ಕೆ 12. ಕಂಟ್ರೋಲರಿನಿಂದ ಹಿಂದಿನ ಅಚ್ಚಿನವರೆಗೆ 14 ಮೀಟರ್ ಎಂದುಕೊಂಡರೆ ಹೋಗಿಬರುವ ದಾರಿ 28 ಮೀಟರ್. ಅಷ್ಟುದ್ದಕ್ಕೂ 2 ಚದರ ಮಿಲಿಮೀಟರಿನ, ಅಂದರೆ ಅಲ್ಲಿನ 14 ಗೇಜಿನ ತಂತಿ ಎಳೆದರೆ, ಬ್ರೇಕಿಗೆ ಸಿಗಬೇಕಾದ ವಿದ್ಯುತ್ತಿನಲ್ಲಿ ಸುಮಾರು ಐದನೇ ಒಂದು ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಅದಕ್ಕಿಂತ ದಪ್ಪವಾದ 10 ಗೇಜಿನ ತಂತಿಯಲ್ಲಿ ಈ ನಷ್ಟ ಹತ್ತನೇ ಒಂದಕ್ಕೆ ಇಳಿಯುತ್ತದೆ. ಈ ಲೆಕ್ಕದ ಅರ್ಧ ಭಾಗ ಹಿಂದಿರುಗುವ ದಾರಿಯದು, ಅಂದರೆ ಬಿಳಿ ತಂತಿಯದು. ಎಲ್ಲರೂ ಕಡೆಗಣಿಸುವುದೂ ಅದನ್ನೇ. ಟ್ರಕ್ಕಿನ ಹಿಂಬದಿಯ ಕಬ್ಬಿಣದ ಗುಂಡಿನ ಮೇಲೆ ಟ್ರೈಲರಿನ ಕಬ್ಬಿಣದ ಕೊಂಡಿ ಕೂತಿರುವಾಗ ಬೇರೆ ಅರ್ತಿಂಗ್ ಯಾಕೆ ಎಂದು ಕೇಳುವವರಿದ್ದಾರೆ. ಆ ಗುಂಡಿಗೆ ಗ್ರೀಸ್ ಬಳಿದಿರುತ್ತದೆ, ರಸ್ತೆಯ ಕುಲುಕಾಟಕ್ಕೆ ಕೊಂಡಿ ಕ್ಷಣಕ್ಷಣಕ್ಕೂ ಅಲುಗುತ್ತದೆ, ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ತುಕ್ಕು ಹಿಡಿಸುತ್ತದೆ. ಒಂದು ಇಂಡಿಕೇಟರ್ ಹಾಕಿದರೆ ಬೇರೆ ದೀಪಗಳೂ ಮಂಕಾಗಿ ಮಿನುಗಿದರೆ ಮೊದಲು ಶಂಕಿಸಬೇಕಾದದ್ದು ಅರ್ತಿಂಗನ್ನೇ. ಚಾಸಿಯ ಬಣ್ಣ ಕೆರೆದು, ಉಂಗುರದ ಟರ್ಮಿನಲ್ ಬಿಗಿದು, ಮೇಲೆ ನೀರು ಇಳಿಯದಂತೆ ಮುಚ್ಚಬೇಕು.

ಟ್ರಕ್ಕಿನ ಬ್ರೇಕೇ ಬಲವಾಗಿದೆ, ಕಂಪನಿಯೇ ನಾಲ್ಕು ಟನ್ ಎಳೆಯಬಹುದೆಂದು ಹೇಳಿದೆ ಎಂಬುದು ದೊಡ್ಡ ಆಕ್ಷೇಪ. ಆ ಅಂಕಿ ಟ್ರೈಲರಿಗೆ ಅದರದೇ ಬ್ರೇಕು ಇದೆಯೆಂದು ಭಾವಿಸಿ ಕೊಟ್ಟದ್ದು. ಅಮೆರಿಕದ ಅನೇಕ ರಾಜ್ಯಗಳ ಕಾನೂನೂ 3,000 ಪೌಂಡ್, ಅಂದರೆ ಸುಮಾರು 1,360 ಕಿಲೋ ದಾಟಿದ ಟ್ರೈಲರಿಗೆ ಸ್ವಂತ ಬ್ರೇಕು ಕೇಳುತ್ತದೆ. ಹೊಸ ಟ್ರಕ್ಕುಗಳಲ್ಲಿ ಕಾರ್ಖಾನೆಯಲ್ಲೇ ಪ್ಲಗ್ಗೂ ಕಂಟ್ರೋಲರೂ ಕೂರಿಸಿ ಕೊಡುತ್ತಾರಲ್ಲ ಎಂಬ ಮಾತಿನಲ್ಲಿ ಹೆಚ್ಚು ಹುರುಳಿದೆ. ಸಾಧ್ಯವಿದ್ದವರು ಅದನ್ನೇ ಕೊಳ್ಳುವುದು ಒಳ್ಳೆಯದು. ಆದರೆ ಕಾರ್ಖಾನೆಯ ಜವಾಬ್ದಾರಿ ಟ್ರಕ್ಕಿನ ಪ್ಲಗ್ಗಿಗೆ ಮುಗಿಯಿತು. ಟ್ರೈಲರಿನ ಅಚ್ಚಿನ ಕೊಳವೆಯೊಳಗೆ ಉಜ್ಜಿ ಸವೆದ ತಂತಿ ಅದಕ್ಕೆ ಕಾಣದು. ಒಂದು ಚಕ್ರದ ವಿದ್ಯುತ್ಕಾಂತ ಸತ್ತಿದ್ದರೂ ಉಳಿದವು ಸಿಕ್ಕರೆ ಸಾಕು, ಕಂಟ್ರೋಲರ್ ಸಾಮಾನ್ಯವಾಗಿ ಟ್ರೈಲರ್ ಜೋಡಣೆಯಾಗಿದೆ ಎಂದೇ ತೋರಿಸುತ್ತದೆ. ನಿಜ ಹೇಳುವುದು ಆಂಪಿಯರ್ ಮೀಟರ್. ಬ್ರೇಕನ್ನು ಪೂರ್ತಿ ಒತ್ತಿದಾಗ ನೀಲಿ ತಂತಿಯಲ್ಲಿ 12ರ ಬದಲು 9 ಕಂಡರೆ ಒಂದು ಚಕ್ರ ಕೆಲಸ ಮಾಡುತ್ತಿಲ್ಲ.

ಚಾರ್ಜಿನ ತಂತಿಯೂ ಬರೀ ಫ್ರಿಜ್ಜಿಗಾಗಿ ಇರುವುದಲ್ಲ. ಕೊಂಡಿ ಕಳಚಿ ಕ್ಯಾಂಪರ್ ಬೇರೆಯಾದರೆ, ಟ್ರಕ್ಕಿಗೆ ಕಟ್ಟಿದ ಹುರಿ ಒಂದು ತುರ್ತು ಸ್ವಿಚ್ಚಿನ ಪಿನ್ನನ್ನು ಕಿತ್ತು ಕ್ಯಾಂಪರಿನ ಸ್ವಂತ ಬ್ಯಾಟರಿಯಿಂದ ಅದರ ಬ್ರೇಕುಗಳನ್ನು ಹಿಡಿಸುತ್ತದೆ. ಬ್ಯಾಟರಿ ಖಾಲಿಯಾಗಿದ್ದರೆ ಆ ಏರ್ಪಾಡು ಇದ್ದೂ ಇಲ್ಲದಂತೆ. ಆದ್ದರಿಂದ ಈ ತಂತಿಯೂ ದಪ್ಪವಿರಬೇಕು, ಟ್ರಕ್ಕಿನ ಬ್ಯಾಟರಿಯ ಹತ್ತಿರವೇ ಅದಕ್ಕೊಂದು ಫ್ಯೂಸ್ ಇರಬೇಕು. ಲಿಥಿಯಂ ಬ್ಯಾಟರಿ ಹಾಕಿಸಿದವರು ನಡುವೆ ಡಿಸಿ-ಡಿಸಿ ಚಾರ್ಜರ್ ಸೇರಿಸಬೇಕು. ಇಲ್ಲದಿದ್ದರೆ ಅದು ಮಿತಿಮೀರಿ ವಿದ್ಯುತ್ ಎಳೆದು ತಂತಿಯನ್ನು ಕಾಯಿಸಬಹುದು. ಹೊರಡುವ ಮುನ್ನ ಪ್ಲಗ್ ತೆಗೆದಿಟ್ಟು, ಆ ಪಿನ್ ಕಿತ್ತು, ಟ್ರಕ್ಕನ್ನು ಮೆಲ್ಲಗೆ ಮುಂದಕ್ಕೆ ಬಿಟ್ಟು ನೋಡಬೇಕು. ಕ್ಯಾಂಪರಿನ ಚಕ್ರಗಳು ಬಿಗಿಹಿಡಿದು ತಡೆದರೆ ಸರಿ. ಪಿನ್ನನ್ನು ಕೂಡಲೇ ಮತ್ತೆ ಸಿಕ್ಕಿಸಬೇಕು, ಇಲ್ಲವಾದರೆ ಬ್ಯಾಟರಿ ಅಲ್ಲೇ ಬರಿದಾಗುತ್ತದೆ.